ಚಳಿಯ ಬೆಳಗಿನ ಓಟ, ಮೂಗಿನ ಕೆಲಸ

ಮಕ್ಕಳೇ, ಹಿರಿಯರೇ, ಡಿಸೆಂಬರ್ ಬಂತೆಂದರೆ ನಮ್ಮ ಮಲ್ಪೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಶುರುವಾಗುತ್ತವೆ. ಒಂದು ಬೆಳಗಿನ ಚಳಿ, ಇನ್ನೊಂದು ಶಾಲೆಯ ಕ್ರೀಡಾಕೂಟದ ತಯಾರಿ. ನಮ್ಮ ಚಳಿಯನ್ನು ಕಂಡರೆ ಮಡಿಕೇರಿಯವರೂ ಬೀದರಿನವರೂ ನಕ್ಕಾರು. ಪಾದರಸ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ನಮಗೆ ಅದೇ ದೊಡ್ಡ ಚಳಿ. ನನ್ನಂಥ ಅಜ್ಜಂದಿರು ತಲೆಗೆ ಬೈರಾಸು ಸುತ್ತಿಕೊಂಡು ಜಗಲಿಯಲ್ಲಿ ಕೂರುತ್ತೇವೆ. ಮಕ್ಕಳು ಮಾತ್ರ ಕಡಲ ಕಿನಾರೆಗೆ ಓಡುತ್ತಾರೆ.

ಎಂಟನೇ ತರಗತಿಯ ನನ್ನ ಮೊಮ್ಮಗಳೂ ಹಾಗೆಯೇ. 800 ಮೀಟರ್ ಓಟಕ್ಕೆ ಹೆಸರು ಕೊಟ್ಟು, ದಿನಾ ಬೆಳಗ್ಗೆ ಆರಕ್ಕೆ ಎದ್ದು ಓಡಲು ಹೋಗುತ್ತಿದ್ದಳು. ಮನೆಗೆ ಬಂದು ಕುಳಿತ ಮೇಲೆ ಒಂದೇ ಸಮನೆ ಕೆಮ್ಮು.

“ಓಡುವಾಗ ಎಂತದೂ ಆಗುದಿಲ್ಲ ಅಜ್ಜ. ನಿಂತ ಮೇಲೆ ಎದೆ ಬಿಗಿ ಹಿಡಿದ ಹಾಗೆ ಆಗ್ತದೆ” ಎಂದಳು.

“ಚಳಿಗಾಳಿ ಎದೆಗೆ ಹೋಗಿದೆ ಮಗಾ. ಬಾಯಿ ಮುಚ್ಚಿ ಓಡು ಅಂತ ಎಷ್ಟು ಸಲ ಹೇಳಿದ್ದೇನೆ? ನಾಳೆಯಿಂದ ಓಟ ಬೇಡ” ಎಂದುಬಿಟ್ಟೆ. ಅವಳು ಮಾತಾಡಲಿಲ್ಲ. ಬೂಟು ತೆಗೆದು ಮಂಚದಡಿಗೆ ತಳ್ಳಿದಳು.

ಒಂದು ವಾರ ಕಳೆಯಿತು. ಒಂದು ರಾತ್ರಿ ಅವಳ ಅಜ್ಜಿ ನನ್ನನ್ನು ಎಬ್ಬಿಸಿದಳು. ಪಕ್ಕದ ಕೋಣೆಯಲ್ಲಿ ಮಗು ದಿಂಬಿಗೆ ಮುಖ ಒತ್ತಿಕೊಂಡು, ನಮಗೆ ಕೇಳಬಾರದೆಂದು ಸಣ್ಣಗೆ ಕೆಮ್ಮುತ್ತಿದ್ದಳು.

“ಅಲ್ಲ ಮಾರಾಯ್ರೇ, ನೀವು ಓಟ ನಿಲ್ಲಿಸಿದಿರಿ. ಕೆಮ್ಮು ನಿಂತಿತಾ?” ಎಂದಳು ಅಜ್ಜಿ. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಮೂವರೂ ಡಾಕ್ಟರರ ಬಳಿ ಹೋದೆವು.

ಡಾಕ್ಟರು ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಒಂದು ಕೊಳವೆಗೆ ಜೋರಾಗಿ ಊದಿಸಿದರು. ಹೊರಗೆ ಒಂದಷ್ಟು ಓಡಿಸಿ, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಊದಿಸಿದರು. ಎರಡನೇ ಸಲ ಮುಳ್ಳು ಕೆಳಗೇ ನಿಂತಿತು. ಓಡಿದಾಗ ಅವಳ ಶ್ವಾಸನಾಳ ಕುಗ್ಗುತ್ತಿತ್ತು.

“ಇದಕ್ಕೆ ಚಳಿಗಿಂತ ಒಣಗಾಳಿಯೇ ಹೆಚ್ಚು ಕಾರಣ” ಎಂದರು ಅವರು. ಆ ಮಾತನ್ನು ನಾನು ಬಿಡಿಸಿ ಹೇಳುತ್ತೇನೆ.

ನಮ್ಮ ಶ್ವಾಸಕೋಶದ ಒಳಗಿನ ಗಾಳಿ ಯಾವಾಗಲೂ 37 ಡಿಗ್ರಿ ಬೆಚ್ಚಗೆ, ಪೂರ್ತಿ ತೇವವಾಗಿ ಇರಬೇಕು. ಅಂಥ ಒಂದು ಘನ ಮೀಟರ್ ಗಾಳಿಯಲ್ಲಿ, ಎಂದರೆ ಸಾವಿರ ಲೀಟರಿನಲ್ಲಿ, ಸುಮಾರು 44 ಗ್ರಾಂ ನೀರಾವಿ ಇರುತ್ತದೆ. 20 ಡಿಗ್ರಿಯ ಗಾಳಿ ಎಷ್ಟೇ ಒದ್ದೆಯಾಗಿದ್ದರೂ 17 ಗ್ರಾಂಗಿಂತ ಹೆಚ್ಚು ಹಿಡಿಯಲಾರದು. ಹಿಮ ಬೀಳುವ ಊರಿನ ಶೂನ್ಯ ಡಿಗ್ರಿಯ ಗಾಳಿಯಲ್ಲಿ 5 ಗ್ರಾಂ ಕೂಡ ಇರುವುದಿಲ್ಲ. ಉಳಿದ ನೀರನ್ನು ಕೊಡಬೇಕಾದವರು ನಾವೇ. ಡಿಸೆಂಬರಿನಲ್ಲಿ ತುಟಿ ಒಡೆಯುವುದು, ತೊಳೆದ ಬಟ್ಟೆ ಬೇಗ ಒಣಗುವುದು ನಿಮಗೆ ಗೊತ್ತಲ್ಲ? ಗಾಳಿ ಒಣಗಿದ್ದಕ್ಕೆ ಅವೇ ಗುರುತು.

ನೀರು ಕೊಡುವ ಕೆಲಸ ಮೂಗಿನದು. ಮೂಗಿನೊಳಗೆ ಸುರುಳಿ ಸುರುಳಿಯಾದ ಮಡಿಕೆಗಳಿವೆ. ಅವುಗಳ ಮೇಲೆ ಬೆಚ್ಚಗಿನ, ಒದ್ದೆಯಾದ ಪೊರೆಯಿದೆ. ಗಾಳಿ ಅದರ ಮೇಲೆ ಹಾದುಹೋಗುವಾಗ ಬಿಸಿಯಾಗುತ್ತದೆ, ತೇವವಾಗುತ್ತದೆ, ದೂಳೂ ಅಂಟಿಕೊಳ್ಳುತ್ತದೆ. ಉಸಿರು ಹೊರಗೆ ಹೋಗುವಾಗ ಮೂಗು ಒಂದಷ್ಟು ನೀರನ್ನು ಮತ್ತೆ ಹಿಡಿದಿಟ್ಟುಕೊಳ್ಳುತ್ತದೆ.

ಸುಮ್ಮನೆ ಕುಳಿತಿರುವ ದೊಡ್ಡವರಿಗೆ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಸಾಕು. ಜೋರಾಗಿ ಓಡುವಾಗ ಅದು ಹತ್ತು ಪಟ್ಟು, ಇನ್ನೂ ಹೆಚ್ಚು ಬೇಕಾಗುತ್ತದೆ. ಅಷ್ಟನ್ನು ಮೂಗೊಂದೇ ಎಳೆಯಲಾರದು, ಬಾಯಿ ತಾನಾಗಿ ತೆರೆಯುತ್ತದೆ. ಆದ್ದರಿಂದ ಜೋರಾಗಿ ಓಡುವ ಮಗುವಿಗೆ “ಬಾಯಿ ಮುಚ್ಚು” ಎಂದದ್ದು ನನ್ನ ಮೊದಲ ತಪ್ಪು. ಬಾಯಿಂದ ಹೋದ ಒಣಗಾಳಿ ಶ್ವಾಸನಾಳದ ಪೊರೆಯನ್ನು ಒಣಗಿಸುತ್ತದೆ. ಕೆಲವರಲ್ಲಿ ಅದಕ್ಕೆ ಸುತ್ತಲಿನ ಸ್ನಾಯು ಬಿಗಿದುಕೊಂಡು ದಾರಿ ಕಿರಿದಾಗುತ್ತದೆ. ಹಿಮದ ಮೇಲೆ ಜಾರುವ ನಾರ್ವೆ, ಸ್ವೀಡನ್ನಿನ ಕ್ರೀಡಾಪಟುಗಳಲ್ಲಿ ಈ ತೊಂದರೆ ಹೆಚ್ಚು ಕಾಣಿಸುವುದು ಇದರಿಂದಲೇ.

ನನ್ನ ಎರಡನೇ ತಪ್ಪು ಇನ್ನೂ ದೊಡ್ಡದು. ದಿನಾ ಬೆಳಗ್ಗೆ ಅಂಗಳ ಗುಡಿಸಿ ತರಗೆಲೆಗೆ ಬೆಂಕಿ ಹಾಕುತ್ತಿದ್ದವನು ನಾನೇ. ಚಳಿಯ ಬೆಳಗ್ಗೆ ಹೊಗೆ ಮೇಲೇರದೆ ನೆಲದ ಹತ್ತಿರವೇ ಹರಡಿಕೊಂಡಿರುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಗಾಳಿ ನೆಲದಿಂದ ಕಡಲ ಕಡೆಗೆ ಬೀಸುತ್ತದೆ. ಹಾಯಿದೋಣಿಯ ಕಾಲದ ಮೀನುಗಾರರು ಈ ಗಾಳಿ ಹಿಡಿದು ಕಡಲಿಗಿಳಿದು, ಮಧ್ಯಾಹ್ನದ ಕಡಲಗಾಳಿಯಲ್ಲಿ ದಡಕ್ಕೆ ಮರಳುತ್ತಿದ್ದರು. ಈಗ ಅದೇ ಗಾಳಿ ನಮ್ಮ ಅಂಗಳಗಳ ಹೊಗೆಯನ್ನು ಮಕ್ಕಳು ಓಡುವ ಕಿನಾರೆಗೆ ಹೊತ್ತೊಯ್ಯುತ್ತದೆ. ನಾನು ಬೆಂಕಿ ಹಾಕುವುದನ್ನು ಬಿಟ್ಟೆ. ತರಗೆಲೆ ಈಗ ತೆಂಗಿನ ಬುಡಕ್ಕೆ ಹೋಗುತ್ತದೆ.

“ಹಾಗಾದರೆ ನಾನು ಓಡಬಾರದಾ?” ಎಂದು ಮೊಮ್ಮಗಳು ಡಾಕ್ಟರರನ್ನು ಕೇಳಿದಳು. ಅವಳ ದನಿ ನಡುಗುತ್ತಿತ್ತು.

“ಓಡಬೇಕು. ಓಡುವ ಕ್ರಮ ಬದಲಿಸಬೇಕು” ಎಂದರು ಅವರು. ಅವರು ಹೇಳಿದ ಕ್ರಮ ಎಲ್ಲ ಮಕ್ಕಳಿಗೂ ಉಪಯೋಗಕ್ಕೆ ಬರುವಂಥದು.

ಹೊರಟ ಕೂಡಲೇ ಓಡಬೇಡಿ. ಐದು ನಿಮಿಷ ನಡೆಯಿರಿ, ಮತ್ತೆ ಹತ್ತು ನಿಮಿಷ ನಿಧಾನ ಓಡಿ. ಓಡುತ್ತಲೇ ಎಂಟರ ಮಗ್ಗಿ ಹೇಳಲು ಆದರೆ ವೇಗ ಸರಿಯಿದೆ ಎಂದರ್ಥ. ಈ ಹೊತ್ತಿನಲ್ಲಿ ಆದಷ್ಟು ಮೂಗಿನಿಂದಲೇ ಉಸಿರೆಳೆಯಿರಿ. ಆಮೇಲೆ ನಾಲ್ಕೈದು ಸಲ ಸ್ವಲ್ಪ ದೂರ ಮಾತ್ರ ಜೋರಾಗಿ ಓಡಿ, ನಡುವೆ ನಡೆಯಿರಿ. ಹೀಗೆ ಮೈ ಕಾಯಿಸಿಕೊಂಡರೆ ಹಲವರಲ್ಲಿ ಮುಂದಿನ ಒಂದು ಗಂಟೆ ಹೊತ್ತು ಶ್ವಾಸನಾಳ ಅಷ್ಟು ಬೇಗ ಬಿಗಿಯುವುದಿಲ್ಲ.

ಉಸಿರಿಗೆ ಹೆಜ್ಜೆಯ ತಾಳ ಕೊಡಿ. ನಿಧಾನ ಓಟಕ್ಕೆ ಮೂರು ಹೆಜ್ಜೆಗೆ ಒಳಗೆ, ಮೂರು ಹೆಜ್ಜೆಗೆ ಹೊರಗೆ. ವೇಗ ಹೆಚ್ಚಿದಾಗ ಎರಡು, ಎರಡು. ಭುಜ ಎತ್ತಬೇಡಿ, ಹೊಟ್ಟೆ ಉಬ್ಬುವಂತೆ ಎಳೆಯಿರಿ. ತುಂಬ ಚಳಿಯಿದ್ದರೆ ತೆಳ್ಳಗಿನ ಬಟ್ಟೆಯನ್ನು ಮೂಗುಬಾಯಿಗೆ ಸಡಿಲವಾಗಿ ಕಟ್ಟಿಕೊಳ್ಳಿ. ನೀವು ಬಿಟ್ಟ ಉಸಿರಿನ ಬಿಸಿ, ತೇವ ಅದರಲ್ಲಿ ಉಳಿದು ಮುಂದಿನ ಉಸಿರಿಗೆ ಸಿಗುತ್ತದೆ. ಕಿನಾರೆಯಲ್ಲಿ ನೀರಿನ ಅಂಚಿನ ಗಟ್ಟಿ ಹೊಯಿಗೆಯ ಮೇಲೆ ಓಡಿ. ಸಡಿಲ ಹೊಯಿಗೆಯಲ್ಲಿ ಅದೇ ವೇಗಕ್ಕೆ ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು, ಉಸಿರೂ ಅಷ್ಟೇ ಬೇಗ ಏರುತ್ತದೆ. ಓಟ ಮುಗಿದ ಮೇಲೂ ಥಟ್ಟನೆ ಕೂರದೆ ಐದು ನಿಮಿಷ ನಡೆಯಿರಿ.

ಅಜ್ಜಿ ಅಜ್ಜಂದಿರೇ, ಇದು ನಿಮಗೆ. ಓಡಿದ ಮಗು ಏದುಸಿರು ಬಿಡುವುದು ಸಹಜ, ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಆದರೆ ಓಟ ನಿಂತು ಐದು ಹತ್ತು ನಿಮಿಷಕ್ಕೆ ಕೆಮ್ಮು ಹೆಚ್ಚಿದರೆ, ಎದೆಯಲ್ಲಿ ಸೀಟಿಯಂಥ ಸದ್ದು ಬಂದರೆ, ರಾತ್ರಿಯೂ ಕೆಮ್ಮಿದರೆ ಡಾಕ್ಟರರಿಗೆ ತೋರಿಸಿ. ಕಷಾಯ ಗಂಟಲಿಗೆ ಹಿತ ಕೊಟ್ಟೀತು, ಬಿಗಿದ ಶ್ವಾಸನಾಳವನ್ನು ತೆರೆಯದು. ಒಂದು ಮಾತು ಪೂರ್ತಿ ಆಡಲಾಗದಷ್ಟು ದಮ್ಮು ಹತ್ತಿದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆದರೆ, ತುಟಿ ನೀಲಿಯಾದರೆ ತಡಮಾಡದೆ 108ಕ್ಕೆ ಕರೆಮಾಡಿ.

ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟರೆ ಹೆದರಬೇಡಿ. “ಒಮ್ಮೆ ಹಿಡಿದರೆ ಬಿಡಲಾಗದು” ಎಂದು ನಾನೂ ನಂಬಿದ್ದೆ. ಅದು ಚಟವಲ್ಲ, ಔಷಧಿ. ಮದ್ದಿನ ಅಳತೆ, ಹೊತ್ತು ಮಾತ್ರ ಡಾಕ್ಟರು ಹೇಳಿದಂತೆಯೇ ಇರಲಿ. ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್‌ಗೆ ಹದಿವಯಸ್ಸಿನಿಂದಲೇ ಉಬ್ಬಸವಿತ್ತು. ಅವರು 2003ರ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದರು. ಆ ವಿಶ್ವದಾಖಲೆ 2019ರವರೆಗೂ ಉಳಿಯಿತು.

ಕ್ರೀಡಾಕೂಟದ ದಿನ ಮೊಮ್ಮಗಳು ಎಲ್ಲರಿಗಿಂತ ಮೊದಲೇ ಮೈದಾನಕ್ಕಿಳಿದು ಮಗ್ಗಿ ಹೇಳುತ್ತ ಸುತ್ತು ಹಾಕಿದಳು. ಓಟದಲ್ಲಿ ಅವಳಿಗೆ ನಾಲ್ಕನೇ ಸ್ಥಾನ, ಪದಕವಿಲ್ಲ. ನಾನು ಅವಳ ಮುಖ ನೋಡುವುದು ಬಿಟ್ಟು ಕೈಗಡಿಯಾರ ನೋಡುತ್ತಿದ್ದೆ. ಅವಳೇ ಬಂದು ಪಕ್ಕದಲ್ಲಿ ಕುಳಿತಳು.

“ಹತ್ತು ನಿಮಿಷ ಆಯ್ತು ಅಜ್ಜ. ಕೆಮ್ಮು ಬರಲಿಲ್ಲ, ನೋಡಿ.”

ಈ ವಾರದ ಮನೆಗೆಲಸ: ಅಜ್ಜಿ ಅಥವಾ ಅಜ್ಜನ ಜೊತೆ ಕುಳಿತು ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೀರಿ ಎಂದು ಒಬ್ಬರದನ್ನು ಒಬ್ಬರು ಎಣಿಸಿ. ಅಂಗಳಕ್ಕೆ ಎರಡು ಸುತ್ತು ಬಂದು ಮತ್ತೆ ಎಣಿಸಿ. ಅಜ್ಜ ನಡೆಯಲಿ, ನೀವು ಓಡಿ. ಮೊದಲಿನ ಲೆಕ್ಕಕ್ಕೆ ಮರಳಲು ಯಾರಿಗೆ ಎಷ್ಟು ಹೊತ್ತು ಬೇಕಾಯಿತು ಎಂದು ಬರೆದಿಡಿ. ಮುಂದಿನ ವಾರ ಸಿಗೋಣ.