ಕೊಳ್ಳುವವನು ಕೊಡಬೇಕಾದ ಕೊಸರು

ಸೊಪ್ಪು ಮಾರುವ ಹೆಂಗಸು ಕಟ್ಟುಗಳನ್ನೆಣಿಸಿ ನಮ್ಮ ಚೀಲಕ್ಕೆ ಹಾಕಿದ ಮೇಲೆ, ಎಷ್ಟೋ ಸಲ ನಾವು ಕೇಳುವ ಮೊದಲೇ, ಒಂದೆರಡು ಎಸಳು ಕರಿಬೇವನ್ನೋ ಒಂದು ಹಿಡಿ ಕೊತ್ತಂಬರಿಯನ್ನೋ ಅದರ ಮೇಲಿಡುತ್ತಾಳೆ. ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳವಳೆದಾದ ಬಳಿಕ ನಾಲ್ಕು ಬೆರಳಿನಷ್ಟು ಮಾಲೆಯನ್ನು ಹೆಚ್ಚಾಗಿ ಬಿಟ್ಟು ಕತ್ತರಿಸುತ್ತಾಳೆ. ಇದಕ್ಕೆ ನಮ್ಮ ನುಡಿಯಲ್ಲಿ ಕೊಸರು ಎಂದು ಹೆಸರು. ತಕ್ಕಡಿಯ ಲೆಕ್ಕಕ್ಕೆ ಸೇರದ, ಬೆಲೆಯಿಲ್ಲದೆ ಬರುವ ಈ ಅಲ್ಪವಸ್ತುವು ವ್ಯಾಪಾರವನ್ನು ಬರಿಯ ವಿನಿಮಯದ ಮಟ್ಟದಿಂದ ಮೇಲೆತ್ತಿ, ಇಬ್ಬರು ಮನುಷ್ಯರ ನಡುವಣ ಸ್ನೇಹದ ವ್ಯವಹಾರವನ್ನಾಗಿ ಮಾಡುತ್ತದೆ. ಮಾರುವವರಿಂದ ಕೊಸರನ್ನು ನಮ್ಮ ಹಕ್ಕೆಂಬಂತೆ ಪಡೆಯುವ ನಾವು ಪ್ರತಿಯಾಗಿ ಅವರಿಗೆ ಕೊಡುವ ಕೊಸರು ಯಾವುದು? ಹಣವು ವಸ್ತುವಿನ ಬೆಲೆಗೆ ಸಂದುಹೋಯಿತು. ಅದರ ಮೇಲೆ ನಾವು ಇಡಬಹುದಾದ ಒಂದು ಹಿಡಿಯೆಂದರೆ ನಮ್ಮ ಮಾತು, ನಮ್ಮ ನಡವಳಿಕೆ. ಅದನ್ನು ಕೊಡುವುದರಲ್ಲಿ ನಾವು ದಿನೇ ದಿನೇ ಲೋಭಿಗಳಾಗುತ್ತಿದ್ದೇವೆಂಬುದು ನನ್ನ ವ್ಯಥೆ.

ಮನೆಯ ಹೊರಗೆ ಹಣ ತೆತ್ತು ಉಣ್ಣುವುದು ನಮ್ಮ ಹಿರಿಯರಿಗೆ ಸಹಜವಾದ ರೂಢಿಯಾಗಿರಲಿಲ್ಲ. ಊರು ಬಿಟ್ಟು ಹೋದವರಿಗೆ ಛತ್ರವಿತ್ತು, ಮಠವಿತ್ತು, ಬಂಧುಗಳ ಜಗಲಿಯಿತ್ತು. ಅಪರಿಚಿತರ ಪಕ್ಕದಲ್ಲಿ ಕುಳಿತು ತಿನ್ನುವುದನ್ನು ಆಚಾರಭಂಗವೆಂದೇ ಬಹುಮಂದಿ ಎಣಿಸುತ್ತಿದ್ದರು. ಹೋಟೆಲುಗಳು ಹುಟ್ಟಿದ ಮೇಲೂ ಅವುಗಳಲ್ಲಿ ಅನೇಕವು ಬ್ರಾಹ್ಮಣರಿಗೊಂದು ಕೊಠಡಿ, ಇತರರಿಗೊಂದು ಕೊಠಡಿಯೆಂಬ ಕಟ್ಟಳೆಯನ್ನು ಇಟ್ಟುಕೊಂಡಿದ್ದವು. ಅಸ್ಪೃಶ್ಯರೆಂದು ಸಮಾಜವು ದೂರವಿಟ್ಟವರಿಗೆ ಬಾಗಿಲೇ ತೆರೆಯುತ್ತಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೈದನೆಯ ಅನುಚ್ಛೇದವು ಧರ್ಮ, ಜಾತಿ, ಲಿಂಗ ಮೊದಲಾದ ಭೇದಗಳ ಕಾರಣದಿಂದ ಯಾವ ಪ್ರಜೆಗೂ ಅಂಗಡಿಗಳ, ಉಪಾಹಾರಗೃಹಗಳ, ಹೋಟೆಲುಗಳ ಪ್ರವೇಶಕ್ಕೆ ಅಡ್ಡಿಯಾಗಕೂಡದೆಂದು ವಿಧಿಸಿದೆ. ಒಂದು ದೊಡ್ಡ ರಾಷ್ಟ್ರದ ಮೂಲಶಾಸನವು ಅಂಗಡಿಯನ್ನೂ ಹೋಟೆಲನ್ನೂ ಹೆಸರೆತ್ತಿ ನಮೂದಿಸಿತೆಂಬುದನ್ನು ನಾವು ಮನನ ಮಾಡಬೇಕು. ಆ ಶಾಸನವನ್ನು ರಚಿಸಿದವರಿಗೆ ಸಮಾನತೆಯು ಸಭಾಭವನದಲ್ಲಿ ಮಾತ್ರ ಉಚ್ಚರಿಸುವ ತತ್ತ್ವವಾಗಿರದೆ, ಒಂದು ಲೋಟ ಕಾಫಿಯ ಮುಂದೆಯೂ ನಿಜವಾಗಬೇಕಾದ ಸಂಗತಿಯಾಗಿತ್ತು.

ಆದರೆ ಕಾಯಿದೆಯು ಬಾಗಿಲನ್ನು ತೆರೆಯಬಲ್ಲುದೇ ಹೊರತು ಒಳಗೆ ಕುಳಿತವನ ನಾಲಗೆಯನ್ನು ತಿದ್ದಲಾರದು. ಆ ಕೆಲಸ ಶಿಷ್ಟಾಚಾರದ್ದು. ಕರಾವಳಿಯ ಮನೆಗಳಲ್ಲಿ ಮಾಣಿ ಎಂಬುದು ಹುಡುಗನನ್ನು ಪ್ರೀತಿಯಿಂದ ಕರೆಯುವ ಮಾತು. ಅಲ್ಲಿಂದ ಹೊರಟ ಹುಡುಗರು ಊರೂರುಗಳಲ್ಲಿ ಹೋಟೆಲುಗಳ ಕೆಲಸಕ್ಕೆ ನಿಂತಾಗ ಮಾತೂ ಅವರ ಸಂಗಡ ಬಂದಿತು, ಆದರೆ ಅದರೊಳಗಿದ್ದ ವಾತ್ಸಲ್ಯವು ಘಟ್ಟದ ಆಚೆಗೇ ಉಳಿಯಿತು. ಈಗ ನಮ್ಮ ನಗರಗಳಲ್ಲಿ ತಟ್ಟೆ ತಂದಿಡುವ ತರುಣರಲ್ಲಿ ಎಷ್ಟೋ ಮಂದಿ ಒಡಿಶಾದಿಂದಲೋ ಬಿಹಾರದಿಂದಲೋ ಅಸ್ಸಾಮಿನಿಂದಲೋ ಬಂದವರು. ಅವರನ್ನು ಚಿಟಿಕೆ ಹೊಡೆದು ಕರೆಯುವುದನ್ನೂ, ತಂದೆಯ ವಯಸ್ಸಿನವನನ್ನು ಏಕವಚನದಲ್ಲಿ ಗದರಿಸುವುದನ್ನೂ, ಕೇಳಿದ್ದು ಬರಲು ಐದು ನಿಮಿಷ ತಡವಾದರೆ ಇಡೀ ಹೋಟೆಲಿಗೆ ಕೇಳುವಂತೆ ಕೂಗಾಡುವುದನ್ನೂ ನಾನು ಕಂಡಿದ್ದೇನೆ. ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು, ಕಿಕ್ಕಿರಿದ ಮೇಜುಗಳ ನಡುವೆ ಒಂದೂ ಅಲುಗದಂತೆ ನಡೆದುಬರುವವರನ್ನು ನೋಡಿದವರಿಗೆ ಅದು ಅಭ್ಯಾಸದಿಂದ ಸಾಧಿಸಿದ ವಿದ್ಯೆಯೆಂಬುದು ತಿಳಿದೀತು. ವಿದ್ಯಾವಂತನಿಗೆ ಸಲ್ಲುವ ಗೌರವ ಅವರಿಗೂ ಸಲ್ಲಬೇಕು.

ಶುಚಿತ್ವದ ವಿಷಯದಲ್ಲಿಯೂ ಅರ್ಧ ಭಾರ ನಮ್ಮದೇ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಉಪಾಹಾರಗೃಹಗಳ ನೈರ್ಮಲ್ಯವನ್ನು ಕಂಡು ಬಂದು, ಪಾತ್ರೆಗಳನ್ನು ಹಬೆಯಿಂದ ಶುದ್ಧಿಮಾಡುವ ಕ್ರಮವನ್ನು ತಮ್ಮಲ್ಲಿ ತಂದರು; ಉಣ್ಣಬಂದವರು ಅಡುಗೆಮನೆಯನ್ನು ಕಣ್ಣಾರೆ ನೋಡಲೆಂದು ಅದರ ಬಾಗಿಲನ್ನೂ ತೆರೆದಿಟ್ಟರು. ಮಾರುವವರು ಮಾಡತಕ್ಕದ್ದನ್ನು ಅವರು ಮಾಡಿ ತೋರಿಸಿದರು. ಉಣ್ಣುವವರು ಮಾಡತಕ್ಕದ್ದೋ? ಕೈತೊಳೆಯುವ ತೊಟ್ಟಿಯಲ್ಲಿ ಕ್ಯಾಕರಿಸಿ ಉಗುಳುವುದು, ಎಂಜಲು ಕೈಯಿಂದಲೇ ಚಟ್ನಿಯ ಬಟ್ಟಲಿನ ಸೌಟನ್ನು ಹಿಡಿಯುವುದು, ಉಣ್ಣುತ್ತಿರುವವನ ಬೆನ್ನಿಗೆ ತಾಗುವಂತೆ ನಿಂತು ಅವನು ಯಾವಾಗ ಏಳುವನೆಂದು ತುತ್ತನ್ನೆಣಿಸುವುದು, ಮೊಬೈಲಿನ ಹಾಡನ್ನು ಮೇಜಿನವರೆಲ್ಲರಿಗೂ ಕೇಳಿಸುವುದು, ತಿನ್ನಲಾಗದಷ್ಟನ್ನು ತರಿಸಿಕೊಂಡು ಅರ್ಧಕ್ಕೆ ಬಿಟ್ಟೇಳುವುದು, ಇವೆಲ್ಲ ಎಷ್ಟು ಸಾಮಾನ್ಯವಾಗಿವೆಯೆಂದರೆ ದೋಷಗಳೆಂದು ನಮಗೆ ತೋರುವುದೇ ಇಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಮೊದಲಾದ ದರ್ಶಿನಿಗಳು ನಿಂತು ತಿನ್ನುವ, ತಾವೇ ತಂದುಕೊಳ್ಳುವ ಪದ್ಧತಿಯನ್ನು ತಂದು, ಅಲ್ಪ ಬೆಲೆಗೆ ಎಲ್ಲ ವರ್ಗದವರನ್ನೂ ಒಂದೇ ಕಟ್ಟೆಯ ಸುತ್ತ ಸೇರಿಸಿದವು. ಕೂಲಿಯವನೂ ಕಚೇರಿಯ ಅಧಿಕಾರಿಯೂ ಮೊಳಕೈ ತಾಗುವಂತೆ ನಿಂತು ಇಡ್ಲಿ ತಿನ್ನುವ ಆ ದೃಶ್ಯ ಸಂವಿಧಾನದ ಆಶಯಕ್ಕೆ ಬಹು ಸಮೀಪವಾದದ್ದು. ಆದರೆ ಆ ಕಟ್ಟೆಯ ಮೇಲೆ ಚೆಲ್ಲಿದ ಸಾಂಬಾರನ್ನು ಒರೆಸುವ ಹೆಂಗಸು ಬಂದಾಗ, ಸರಿದು ಜಾಗ ಕೊಡುವವರೆಷ್ಟು ಜನ? ತಟ್ಟೆಯನ್ನು ನಾಲ್ಕು ಹೆಜ್ಜೆ ಆಚೆಯ ತೊಟ್ಟಿಗೆ ತಾವೇ ಇಟ್ಟು ಹೋಗುವವರೆಷ್ಟು ಜನ?

ಇನ್ನು ಮಾರುಕಟ್ಟೆಯ ಮಾತು. ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ತಿಳಿಯಲು ಒಂದೆರಡರ ತುದಿ ಮುರಿದು ನೋಡುವುದು ಉಂಟು. ಇಪ್ಪತ್ತರ ತುದಿ ಮುರಿದು, ಹತ್ತನ್ನು ಮಾತ್ರ ಆಯ್ದುಕೊಂಡರೆ, ಉಳಿದ ಹತ್ತನ್ನು ತರಕಾರಿಯವಳು ಯಾರಿಗೆ ಮಾರಬೇಕು? ಸೋರೆಕಾಯಿಗೆ ಉಗುರೂರಿ ಗುರುತುಮಾಡಿ ಬಿಟ್ಟುಹೋದವನು, ಅದು ಸಂಜೆಯ ಹೊತ್ತಿಗೆ ಕಂದಿ ಯಾರಿಗೂ ಬೇಡವಾಗುವುದನ್ನು ನೋಡಲು ಅಲ್ಲಿ ಇರುವುದಿಲ್ಲ. ಒಂದು ಮುಂಜಾನೆ ನನ್ನ ಮುಂದಿದ್ದ ಗೃಹಿಣಿಯೊಬ್ಬರು ಸೊಪ್ಪು ಮಾರುವ ಮುದುಕಿಯೊಡನೆ ಕಟ್ಟೊಂದಕ್ಕೆ ಎರಡು ರೂಪಾಯಿ ಕಡಿಮೆಮಾಡೆಂದು ಬಹಳ ಹೊತ್ತು ವಾದಿಸಿ, ಕೊನೆಗೆ ಸೊಪ್ಪನ್ನು ಗುಡ್ಡೆಯ ಮೇಲೆ ಎಸೆದು ಹೊರಟರು. “ಬೋಣಿ ಹೊತ್ತು ಅಕ್ಕ, ಹಂಗೆ ಹೋಗ್ಬೇಡಿ, ನೀವು ಹೇಳಿದಷ್ಟಕ್ಕೇ ತಕ್ಕೊಳ್ಳಿ” ಎಂದು ಆ ಮುದುಕಿ ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಚೌಕಾಸಿ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದು ನಮ್ಮ ಸಂತೆಗಳ ಹಳೆಯ ಸಂಭಾಷಣೆ. ಆದರೆ ತಂಪುಗಾಳಿಯ ದೊಡ್ಡ ಅಂಗಡಿಯಲ್ಲಿ ಚೀಟಿಯ ಬೆಲೆಯನ್ನು ತುಟಿಪಿಟಕ್ಕೆನ್ನದೆ ತೆತ್ತು ಬಂದವರು, ಅದೇ ದಿನ ಬಿಸಿಲಲ್ಲಿ ಕುಳಿತವಳ ಎರಡು ರೂಪಾಯಿಗೆ ಪಟ್ಟುಹಿಡಿದರೆ, ಅದು ಮಿತವ್ಯಯವಲ್ಲ, ದುರ್ಬಲರ ಮೇಲೆ ಮಾತ್ರ ನಡೆಯುವ ಶೌರ್ಯ. ಕೈಚೀಲ ತಾರದೆ ಬಂದು “ಕವರ್ ಕೊಡಮ್ಮ” ಎಂದು ಒತ್ತಾಯಿಸುವುದೂ ಇದೇ ಜಾತಿಯದು. ಪ್ಲಾಸ್ಟಿಕ್ ಚೀಲ ನಮ್ಮ ರಾಜ್ಯದಲ್ಲಿ 2016ರಿಂದ ನಿಷಿದ್ಧ. ದಂಡವನ್ನು ತೆರಬೇಕಾದಾಗ ಕೇಳಿದವರು ದೂರ ಹೋಗಿರುತ್ತಾರೆ, ಕೊಟ್ಟವಳು ಸಿಕ್ಕಿಬೀಳುತ್ತಾಳೆ.

ಬಟ್ಟೆಯಂಗಡಿಯಲ್ಲಿ ನಾವು ಹಾಸಿನ ಮೇಲೆ ಆರಾಮವಾಗಿ ಕುಳಿತು ಐವತ್ತು ಸೀರೆಗಳನ್ನು ಬಿಚ್ಚಿಸುತ್ತೇವೆ. ನೋಡುವುದು ನಮ್ಮ ಹಕ್ಕು. ಆದರೆ ಒಂದನ್ನೂ ಕೊಳ್ಳದೆ, ಒಂದು ಮಾತನ್ನೂ ಆಡದೆ ಎದ್ದುಹೋದಾಗ, ಆ ಐವತ್ತನ್ನೂ ಮಡಿಚಿಡುವ ಹುಡುಗಿ ಬೆಳಗಿನಿಂದ ನಿಂತೇ ಇದ್ದಾಳೆಂಬುದನ್ನು ನೆನೆಯುವುದಿಲ್ಲ. ನೆರೆಯ ಕೇರಳದಲ್ಲಿ 2018ರಲ್ಲಿಯೂ ತಮಿಳುನಾಡಿನಲ್ಲಿ 2021ರಲ್ಲಿಯೂ ಅಂಗಡಿಯ ನೌಕರರಿಗೆ ಕುಳಿತುಕೊಳ್ಳಲು ಆಸನವಿರತಕ್ಕದ್ದೆಂದು ಕಾಯಿದೆಯನ್ನೇ ತಿದ್ದಬೇಕಾಯಿತು. ದಣಿದವರನ್ನು ಕುಳ್ಳಿರಿಸುವುದಕ್ಕೂ ಶಾಸನ ಬೇಕಾಯಿತೆಂದರೆ, ಶಾಸನವಿಲ್ಲದೆಯೇ ನಡೆಯಬೇಕಾಗಿದ್ದ ಎಷ್ಟೋ ಸೌಜನ್ಯಗಳು ನಮ್ಮಲ್ಲಿ ಬತ್ತಿಹೋಗಿವೆಯೆಂದೇ ಅರ್ಥ.

ಮಾರುವವರೆಲ್ಲರೂ ಸಾಧುಗಳೇ, ತೂಕದಲ್ಲಿ ಮೋಸವಿಲ್ಲವೇ, ಹೋಟೆಲುಗಳಲ್ಲಿ ಉದ್ಧಟತನವಿಲ್ಲವೇ ಎಂದು ಕೇಳುವವರುಂಟು. ಇವೆ, ಅಂಥಲ್ಲಿ ಪ್ರಶ್ನಿಸುವುದು, ದೂರು ಕೊಡುವುದು ನ್ಯಾಯವೇ. ಆದರೆ ಒಬ್ಬನ ತಪ್ಪಿನ ದಂಡವನ್ನು ಬೇರೊಬ್ಬನಿಂದ ವಸೂಲುಮಾಡುವುದು ನ್ಯಾಯವಲ್ಲ. ಮಾಲೀಕನ ಮೇಲಿನ ಕೋಪವನ್ನು ಮೇಜು ಒರೆಸುವವಳ ಮೇಲೆ ತೀರಿಸುವುದು ಅದಕ್ಕಿಂತಲೂ ಹೀನ. ಬಂಧುಗಳ ಮುಂದೆ, ಮೇಲಧಿಕಾರಿಗಳ ಮುಂದೆ ಎಲ್ಲರೂ ವಿನೀತರೇ. ಅಲ್ಲಿ ವಿನಯಕ್ಕೆ ಫಲವುಂಟು. ಮತ್ತೆಂದೂ ಕಾಣದಿರಬಹುದಾದ, ನಮಗೆ ಯಾವ ಹಾನಿಯನ್ನೂ ಮಾಡಲಾರದ ಮನುಷ್ಯನ ಮುಂದೆ ಉಳಿಯುವ ವಿನಯವೇ ನಿಜವಾದ ಸಂಸ್ಕಾರ.

ಆದುದರಿಂದ ಓದುಗರಲ್ಲಿ ನನ್ನದೊಂದು ಪ್ರಾರ್ಥನೆ. ನಾಳೆ ಹೋಟೆಲಿಗೆ ಹೋದಾಗ ಬಡಿಸುವವರನ್ನು “ಅಣ್ಣ” ಎಂದೋ “ತಮ್ಮ” ಎಂದೋ ಕರೆಯಿರಿ, ಬೇಕಾದಷ್ಟನ್ನೇ ತರಿಸಿಕೊಳ್ಳಿ, ತರಕಾರಿಯನ್ನು ಮುರಿಯದೆ ಆಯ್ದುಕೊಳ್ಳಿ, ಚೀಲವನ್ನು ಮನೆಯಿಂದಲೇ ಒಯ್ಯಿರಿ, ಕೊಳ್ಳದಿದ್ದರೂ “ತೊಂದರೆ ಕೊಟ್ಟೆ, ಇನ್ನೊಮ್ಮೆ ಬರುತ್ತೇನಮ್ಮ” ಎಂದು ಹೇಳಿ ಏಳಿರಿ. ಸೊಪ್ಪಿನವಳು ತನ್ನ ಬಡತನದಲ್ಲಿಯೂ ಒಂದು ಹಿಡಿಯನ್ನು ಹೆಚ್ಚಾಗಿ ಕೊಡುತ್ತಾಳೆ. ಅಷ್ಟನ್ನು ತಿರುಗಿ ಕೊಡಲಾರದಷ್ಟು ಬಡವರು ನಮ್ಮಲ್ಲಿ ಯಾರೂ ಇಲ್ಲ.