ಕಾರಿನ ಬಣ್ಣ ಮಾತ್ರ ನಿಮ್ಮ ಆಯ್ಕೆಯಾ?

ಮನೆಗೆ ಹೊಸ ಕಾರು ಬರ್ತಿದೆ ಅಂದಾಗ ನಿಮ್ಮನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಯಾವ ಕಲರ್ ಇರಲಿ?' ಮೈಲೇಜು, ಇಎಂಐ, ಎಂಜಿನ್ನು ಎಲ್ಲ ಗಂಡಸರ ಖಾತೆ ಅಂತ ನಾವೂ ಸುಮ್ಮನಿದ್ದುಬಿಡ್ತೀವಿ. ಆದರೆ ಮಗುವನ್ನು ಸಂಭಾಳಿಸುವವರು, ಮಂಡಿನೋವಿನ ಅತ್ತೆಯನ್ನು ಕೈಹಿಡಿದು ಇಳಿಸುವವರು, ತಿಂಗಳ ಖರ್ಚು ಸರಿದೂಗಿಸುವವರು ನೀವೇ ತಾನೆ? ಹಾಗಿದ್ದ ಮೇಲೆ ಆಯ್ಕೆಯಲ್ಲೂ ನಿಮ್ಮ ಮಾತು ನಡೆಯಬೇಕು.

ಮೊದಲು, ಕಾರು ಇಟ್ಟುಕೊಂಡವರನ್ನು ವಿಚಾರಿಸಿ. ಹೋದ ತಿಂಗಳು ಕೊಂಡವರನ್ನಲ್ಲ, ಮೂರ್ನಾಲ್ಕು ವರ್ಷ ಓಡಿಸಿದವರನ್ನು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋ ಹಾಗೆ ಹೊಸ ಕಾರಿನವರು ದೋಷ ಹೇಳೋದೇ ಇಲ್ಲ. 'ಕಾರು ಚೆನ್ನಾಗಿದೆಯಾ?' ಅನ್ನಬೇಡಿ. ಊರೊಳಗಿನ ಟ್ರಾಫಿಕ್‌ನಲ್ಲಿ ಲೀಟರಿಗೆ ಎಷ್ಟು ಕೊಡುತ್ತೆ, ಸರ್ವೀಸಿಗೆ ವರ್ಷಕ್ಕೆ ಎಷ್ಟಾಯಿತು, ಎಸಿ ಹಾಕಿಕೊಂಡು ಐದು ಜನ ಕೂತರೆ ಘಾಟಿ ಹತ್ತುತ್ತಾ ಅಂತ ಕೇಳಿ.

ವ್ಯಾಗನ್ ಆರ್‌ನಂಥ ಎತ್ತರದ ಕಾರಿನವರು ಹೇಳುವ ಮಾತು, ಹಿರಿಯರು ಬಗ್ಗದೆ ಹತ್ತಿ ಇಳಿಯಬಹುದು ಅಂತ. ಎಎಂಟಿ ಗೇರಿನವರು, ಸಿಗ್ನಲ್ಲಿನಲ್ಲಿ ಎಡಗಾಲಿಗೆ ಬಿಡುವು ಸಿಕ್ಕಿತು, ಗೇರ್ ಬದಲಾಗುವಾಗ ಮಾತ್ರ ಸಣ್ಣ ಜಗ್ಗು ಇದೆ ಅಂತಾರೆ. ಸಿಎನ್‌ಜಿಯವರಿಗೆ ಇಂಧನದ ಖರ್ಚು ಉಳಿಯುತ್ತೆ, ಡಿಕ್ಕಿಯ ಜಾಗ ಸಿಲಿಂಡರಿಗೆ ಹೋಗುತ್ತೆ. ನಿಮ್ಮ ಮನೆಗೆ ಯಾವುದು ಮುಖ್ಯ ಅನ್ನೋದು ನಿಮಗೇ ಗೊತ್ತು.

ಎರಡನೆಯದು ಸುರಕ್ಷತೆ. 2023ರ ಅಕ್ಟೋಬರ್‌ನಿಂದ ನಮ್ಮಲ್ಲೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಶುರುವಾಗಿದೆ. ಇದರಲ್ಲಿ ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಸ್ಟಾರ್ ಕೊಡ್ತಾರೆ. ನೀವು ಮಕ್ಕಳ ಸ್ಟಾರ್ ಎಷ್ಟು ಅಂತ ಕೇಳಿ. ಮಗುವಿನ ಸೀಟು ಬಿಗಿಯುವ ಐಸೋಫಿಕ್ಸ್ ಕೊಂಡಿ ಇದೆಯಾ ನೋಡಿ. ತೊಡೆ ಮೇಲಿನ ಮಗು ಅಮ್ಮನ ಕೈಯಲ್ಲಿ ಭದ್ರ ಅಂದುಕೊಳ್ತೀವಿ. ಜೋರಾಗಿ ಡಿಕ್ಕಿ ಹೊಡೆದ ಕ್ಷಣದಲ್ಲಿ ಯಾವ ತಾಯಿಯ ಕೈಗೂ ಆ ಶಕ್ತಿ ಇರೋದಿಲ್ಲ. ಹಿಂದೆ ಕೂತವರಿಗೂ ಬೆಲ್ಟು ಕಡ್ಡಾಯ. ಸನ್‌ರೂಫಿಗೆ ಕೊಡುವ ದುಡ್ಡು ಮಗುವಿನ ಸೀಟಿಗೆ ಹೋಗಲಿ.

ಇನ್ನು ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಉದ್ದ ನಾಲ್ಕು ಮೀಟರ್ ಮೀರದ, 1200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳು ಈ ಲೆಕ್ಕಕ್ಕೆ ಬರುತ್ತವೆ. ಹಾಗಂತ ಜಾಹೀರಾತಿನ ಎಕ್ಸ್ ಶೋರೂಮ್ ಬೆಲೆ ನೋಡಿ ಹಿಗ್ಗಬೇಡಿ. ಕರ್ನಾಟಕದ ಆಜೀವ ರಸ್ತೆ ತೆರಿಗೆ ಜೇಬಿಗೆ ಭಾರವೇ. ವಿಮೆಯನ್ನು ಡೀಲರ್ ಹತ್ತಿರವೇ ಮಾಡಿಸಬೇಕೆಂಬ ನಿಯಮವಿಲ್ಲ, ಹೊರಗೂ ವಿಚಾರಿಸಿ. ಆನ್ ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.

ಕೊನೆಗೆ, ಟೆಸ್ಟ್ ಡ್ರೈವ್. ಶೋರೂಮಿನ ಮುಂದಿನ ಅಗಲ ರಸ್ತೆಯಲ್ಲಿ ಒಂದು ಸುತ್ತು ಸಾಲದು. ಕಾರನ್ನು ನಿಮ್ಮ ಬೀದಿಗೆ ತರಿಸಿ, ಹಂಪು ಹಾರಿಸಿ, ಗೇಟಿನೊಳಗೆ ತಿರುಗಿಸಿ. ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿ. ಲೈಸೆನ್ಸ್ ಇದ್ದರೆ ಸ್ಟೇರಿಂಗ್ ನೀವೇ ಹಿಡಿಯಿರಿ. ಸೀಟು ಮುಂದೆ ಎಳೆದು ಕೂತಾಗ ಬಾನೆಟ್ಟಿನಾಚೆ ರಸ್ತೆ ಕಾಣುತ್ತಾ ಪರೀಕ್ಷಿಸಿ. ಲೈಸೆನ್ಸ್ ಇಲ್ಲವೇ? ಕಾರು ಬುಕ್ ಮಾಡಿದ ದಿನವೇ ಕಲಿಯೋಕೆ ಹೆಸರು ಕೊಡಿ. ರಾತ್ರಿ ಹೊತ್ತಲ್ಲಿ ಮಗುವಿಗೆ ಜ್ವರ ಬಂದು, ಯಜಮಾನರು ಊರಲ್ಲಿಲ್ಲದಿದ್ದರೆ, ಬಾಗಿಲಲ್ಲಿ ನಿಂತ ಕಾರು ನಿಮ್ಮ ಉಪಯೋಗಕ್ಕೆ ಬರಬೇಕಲ್ಲವೇ?