ನಿರುಪಯುಕ್ತ ಗುಂಡಿ

ಈ ಸಲ ಮುಂಗಾರಿನ ಮೊದಲ ದೊಡ್ಡ ಮಳೆ ಹೊಯ್ದ ರಾತ್ರಿ ಪಕ್ಕದ ಮನೆಯಾಕೆ ಕೈಯಲ್ಲಿ ಒಂದು ಹಿಡಿ ಉಪ್ಪು ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದರು. "ಟೀಚರ್, ಸ್ವಲ್ಪ ಬನ್ನಿ ಇಲ್ಲಿ. ಎಷ್ಟು ದೊಡ್ಡ ಕಪ್ಪೆ ನೋಡಿ, ಮೆಟ್ಟಿಲ ಮೇಲೇ ಕೂತುಬಿಟ್ಟಿದೆ. ಉಪ್ಪು ಎರಚಿದರೆ ಓಡಿಹೋಗುತ್ತಂತಲ್ಲ?"

ಓಡಿಹೋಗುತ್ತದೆ, ನಿಜ. ಕಣ್ಣಿಗೆ ಖಾರದ ಪುಡಿ ಎರಚಿದರೆ ನಾವೂ ಓಡುತ್ತೇವೆ. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವ ಪ್ರಾಣಿಯಲ್ಲ. ಚರ್ಮದಿಂದಲೇ ನೀರು ಹೀರಿಕೊಳ್ಳುತ್ತದೆ, ಚರ್ಮದಿಂದಲೂ ಉಸಿರಾಡುತ್ತದೆ. ಆ ಒದ್ದೆ ಚರ್ಮದ ಮೇಲೆ ಉಪ್ಪು ಬಿದ್ದರೆ ಮೈಯೊಳಗಿನ ನೀರು ಹೊರಗೆ ಬರುತ್ತದೆ. ಉಪ್ಪಿನಕಾಯಿಗೆಂದು ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟು ಮಾರನೆಯ ದಿನ ಭರಣಿ ತೆರೆದು ನೋಡಿದ ಯಾವ ಗೃಹಿಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಕೆಗೆ ಇಷ್ಟು ಹೇಳಿದೆ. ಪಾಪ, ಒಳ್ಳೆಯವರು. ಉಪ್ಪು ಮತ್ತೆ ಡಬ್ಬಿಗೆ ಹೋಯಿತು. ಆದರೆ ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಸರಿ, ಓಡಿಸೋದಿಲ್ಲ. ಆದರೆ ಇದು ಇಲ್ಲಿಗೇ ಯಾಕೆ ಬಂತು?"

ಯಾಕೆ ಬಂತೆಂದು ನನಗೆ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು. ಆ ನಾಚಿಕೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಅತಿಥಿಯ ಪರಿಚಯವಾಗಲಿ. ನಮ್ಮ ಕಡೆ ಅದನ್ನು ಗೋಂಕರುಗಪ್ಪೆ ಎನ್ನುತ್ತಾರೆ. ಭಾರತದ ಕಪ್ಪೆಗಳಲ್ಲಿ ಅತಿ ದೊಡ್ಡವುಗಳ ಸಾಲಿಗೆ ಸೇರಿದ್ದು. ಚೆನ್ನಾಗಿ ಬೆಳೆದದ್ದು ನಮ್ಮ ಅಂಗೈಯನ್ನು ತುಂಬಿ ಮಿಕ್ಕುತ್ತದೆ. ಹಸಿರು ಕಂದು ಬೆರೆತ ಮೈ, ಅದರ ಮೇಲೆ ಕಪ್ಪು ಚುಕ್ಕೆ ಮಚ್ಚೆಗಳು, ಬೆನ್ನಿನ ನಡುವೆ ಬೈತಲೆ ತೆಗೆದ ಹಾಗೆ ಒಂದು ತಿಳಿ ಗೆರೆ. ಬೇಸಿಗೆಯೆಲ್ಲ ಮಣ್ಣಿನೊಳಗೆ, ಬಿಲದೊಳಗೆ ಅಡಗಿರುತ್ತದೆ. ಮೊದಲ ಜೋರು ಮಳೆಗೆ ಹೊರಬರುತ್ತದೆ. ಆಗ ನೋಡಬೇಕು ಗಂಡಿನ ಸಿಂಗಾರವನ್ನು! ಮೈಯೆಲ್ಲ ಅರಿಶಿನ ಹಚ್ಚಿಕೊಂಡ ಮದುಮಗನಂತೆ ಹಳದಿ. ಗಂಟಲಿನ ಎರಡು ಪಕ್ಕದಲ್ಲೂ ಕಡು ನೀಲಿ ಚೀಲ ಉಬ್ಬಿಸಿಕೊಂಡು ಕೂಗು. ಹೆಣ್ಣಿಗೆ ಈ ಆಡಂಬರವಿಲ್ಲ. ನೆಲದ ಬಣ್ಣದಲ್ಲೇ ಬಂದು, ನೀರಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಹೋಗುತ್ತದೆ.

ಇದು ಸಾಧುಪ್ರಾಣಿಯೇನಲ್ಲ. ಬಾಯಿಗೆ ಹಿಡಿಯುವುದನ್ನೆಲ್ಲ ನುಂಗುತ್ತದೆ. ಹುಳು, ಏಡಿ, ಇಲಿಮರಿ, ಚಿಕ್ಕ ಹಾವು, ಕೊನೆಗೆ ತನ್ನ ಜಾತಿಯ ಸಣ್ಣ ಕಪ್ಪೆಯನ್ನೂ ಬಿಡುವುದಿಲ್ಲ. ಇದರ ಗೊದಮೊಟ್ಟೆಗಳು ಬೇರೆ ಗೊದಮೊಟ್ಟೆಗಳನ್ನು ತಿಂದು ಬೆಳೆಯುತ್ತವೆ. ಮನುಷ್ಯರ ದೆಸೆಯಿಂದ ಅಂಡಮಾನ್ ದ್ವೀಪಗಳಿಗೆ ಸೇರಿ ಅಲ್ಲಿಯ ಮೂಲ ಕಪ್ಪೆಗಳಿಗೆ ಕಂಟಕವಾಗಿದೆ. ಹಾಗಾಗಿ ಇದನ್ನು ದೇವರ ಮಾಡಿ ಪೂಜಿಸಿ ಎಂದು ನಾನು ಹೇಳುತ್ತಿಲ್ಲ. ಅದರ ಜಾಗ ಅದಕ್ಕಿರಲಿ ಎನ್ನುತ್ತಿದ್ದೇನೆ, ಅಷ್ಟೇ.

ಆ ಜಾಗ ಯಾವುದು? ನಾವು ತಪ್ಪು ತಿಳಿದಿರುವುದು ಇಲ್ಲೇ. ಕಪ್ಪೆಗೆ ದೊಡ್ಡ ಕೆರೆ ಬೇಕು, ವರ್ಷವಿಡೀ ನೀರು ಬೇಕು ಎಂದುಕೊಳ್ಳುತ್ತೇವೆ. ಗೋಂಕರುಗಪ್ಪೆ ಮೊಟ್ಟೆಯಿಡಲು ಹುಡುಕುವುದು ಮಳೆಗೆ ತುಂಬಿ ಬೇಸಿಗೆಗೆ ಒಣಗುವ ನೀರನ್ನು. ಗದ್ದೆ, ಹಳ್ಳದ ಬದಿಯ ತಗ್ಗು, ಮಣ್ಣು ತೆಗೆದ ಗುಂಡಿ. ಕಾರಣ ಸರಳ. ಪ್ರತಿವರ್ಷ ಒಣಗುವ ನೀರಿನಲ್ಲಿ ಮೀನು ನೆಲೆಸುವುದಿಲ್ಲ. ಮೀನಿಲ್ಲದ ಕಡೆ ಮೊಟ್ಟೆಗೂ ಮರಿಗೂ ಉಳಿವು ಹೆಚ್ಚು. ಮರಿಗೆ ಕಾಲು ಮೂಡಿ ನೆಲ ಹತ್ತಲು ಹೆಚ್ಚುಕಡಿಮೆ ಒಂದು, ಒಂದೂವರೆ ತಿಂಗಳು ಸಾಕು. ಅಷ್ಟು ದಿನ ನೀರು ನಿಂತರೆ ಅದೇ ಅದರ ಬಾಣಂತಿ ಕೋಣೆ. ಅಂದರೆ ನಾವು ಪೇಟೆಯವರು ಯಾವುದನ್ನು "ಕೊಳಚೆ" ಎಂದು ಮೂಗು ಮುಚ್ಚಿಕೊಳ್ಳುತ್ತೇವೆಯೋ, "ವೇಸ್ಟ್ ಜಾಗ" ಎನ್ನುತ್ತೇವೆಯೋ, ಅದೇ ಅದಕ್ಕೆ ಬೇಕಾದದ್ದು.

ಈಗ ನನ್ನ ನಾಚಿಕೆಯ ವಿಷಯ. ನಾನು ಕೆಲಸ ಮಾಡುವ ಶಾಲೆಯ ಮೈದಾನದ ಮೂಲೆಯಲ್ಲಿ ಒಂದು ಗುಂಡಿಯಿತ್ತು. ಕಟ್ಟಡ ಕಟ್ಟುವಾಗ ಮಣ್ಣು ತೆಗೆದದ್ದಂತೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಸಂಕ್ರಾಂತಿಯ ಹೊತ್ತಿಗೆ ಬಿರುಕುಬಿಟ್ಟ ಕೆಸರು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅಲ್ಲಿ ಹಳದಿ ಕಪ್ಪೆಗಳ ಜಾತ್ರೆ. ಹುಡುಗರು ಪಾಠ ಬಿಟ್ಟು ಅತ್ತಲೇ ನೋಡುತ್ತಿದ್ದರು. ಅದನ್ನು ಮುಚ್ಚಿ ಸಿಮೆಂಟು ಹಾಕಿಸಿದರೆ ಸಭೆ ಸಮಾರಂಭಕ್ಕೆ ಅನುಕೂಲವೆಂದು ಶಾಲಾ ಸಮಿತಿಯವರು ತೀರ್ಮಾನಿಸಿದರು. ಮನವಿ ಬರೆಯಬೇಕಲ್ಲ? "ಮೇಡಮ್, ನೀವು ಕನ್ನಡದವರು, ಅಕ್ಷರವೂ ಚೆನ್ನಾಗಿದೆ" ಎಂದರು. ಬರೆದುಕೊಟ್ಟೆ. "ಶಾಲಾ ಆವರಣದಲ್ಲಿರುವ ನಿರುಪಯುಕ್ತ ಗುಂಡಿಯನ್ನು ಮುಚ್ಚಿಸಿ..." ಎಂದು ಶುರುವಾಗುತ್ತಿತ್ತು ಅದು. "ನಿರುಪಯುಕ್ತ" ಎಂಬ ಪದ ಯಾರೂ ಹೇಳಿಕೊಟ್ಟದ್ದಲ್ಲ. ನನ್ನದೇ.

ಮರುವರ್ಷ ಮೊದಲ ಮಳೆಗೆ ಕಪ್ಪೆಗಳು ಬಂದವು. ಅವಕ್ಕೆ ನನ್ನ ಮನವಿಯ ಸುದ್ದಿ ಹೇಗೆ ಗೊತ್ತಾಗಬೇಕು? ಹೊಸ ಸಿಮೆಂಟಿನ ಮೇಲೆ ಒಂದು ಬೆರಳು ನೀರು ನಿಂತಿತ್ತು. ಬೆಳಗ್ಗೆ ನಾನು ಹೋದಾಗ ಆ ನೀರಿನಲ್ಲಿ ಸಾಸಿವೆಯಂಥ ಕಪ್ಪು ಮೊಟ್ಟೆಗಳ ಲೋಳೆ ಹರಡಿತ್ತು. ಆ ದಿನ ಬಿಸಿಲು ಬಂತು. ಮಧ್ಯಾಹ್ನದ ಊಟದ ಗಂಟೆ ಹೊಡೆಯುವಷ್ಟರಲ್ಲಿ ಸಿಮೆಂಟಿಗೆ ಅಂಟಿದ ಒಂದು ಕಲೆ ಮಾತ್ರ ಉಳಿಯಿತು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಚೊಂಬಿನಲ್ಲಿ ನೀರು ತಂದು ತಂದು ಹೊಯ್ಯುತ್ತಿದ್ದಳು. "ಬಟ್ಟೆ ಒದ್ದೆಯಾಗುತ್ತೆ, ಒಳಗೆ ಹೋಗು" ಎಂದು ಗದರಿಸಿದೆ. ಅವಳಿಗೆ ಬೇರೇನು ಹೇಳಲಿ?

ಮುಚ್ಚುವುದಕ್ಕೆ ನಾವು ಕೊಟ್ಟ ಕಾರಣಗಳನ್ನೂ ನೋಡೋಣ. ಎಲ್ಲ ಊರಿನಲ್ಲೂ ಇವೇ ಕಾರಣಗಳು.

ಒಂದು, ಸೊಳ್ಳೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆಯಿಡುವುದು ನಮ್ಮ ಮನೆಯ ತಿಳಿನೀರಿನಲ್ಲಿ. ಮುಚ್ಚಳವಿಲ್ಲದ ಡ್ರಮ್ಮು, ಸಂಪು, ಹೂಕುಂಡದ ತಟ್ಟೆ, ಹಿತ್ತಲಿಗೆಸೆದ ಟೈರು, ತೆಂಗಿನ ಚಿಪ್ಪು. ನಮ್ಮ ಡ್ರಮ್ಮಿಗೆ ಮುಚ್ಚಳ ಹಾಕುವುದು ಬಿಟ್ಟು ಕಪ್ಪೆಯ ಗುಂಡಿಗೆ ಮಣ್ಣು ಹಾಕಿದೆವು. ಗುಂಡಿಯಲ್ಲಿ ಸೊಳ್ಳೆ ಹುಟ್ಟುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಜೀವವಿರುವ ಗುಂಡಿಯಲ್ಲಿ ಸೊಳ್ಳೆಮರಿಯನ್ನು ತಿನ್ನುವ ನೀರುಹುಳುಗಳೂ ಇರುತ್ತವೆ. ಡ್ರಮ್ಮಿನಲ್ಲಿ ಯಾರಿದ್ದಾರೆ?

ಎರಡು, ಹಾವು. ಕಪ್ಪೆಯಿದ್ದಲ್ಲಿ ಹಾವು ಬರುತ್ತದೆ, ಸುಳ್ಳಲ್ಲ. ಇಲಿಯಿದ್ದಲ್ಲಿಗೂ ಬರುತ್ತದೆ. ಬಿಸಿಯೂಟದ ಮಿಕ್ಕ ಅನ್ನವನ್ನು ಕಾಂಪೌಂಡಿನಾಚೆ ಸುರಿದು ಇಲಿ ಸಾಕುವವರು ಹಾವಿನ ಭಯಕ್ಕೆ ಗುಂಡಿಯನ್ನು ದೂರುವಂತಿಲ್ಲ.

ಮೂರು, ಮಕ್ಕಳು ಬೀಳುತ್ತಾರೆ. ಇದು ನ್ಯಾಯವಾದ ಮಾತು. ಅದಕ್ಕೆ ಬೇಲಿ ಹಾಕಬಹುದಿತ್ತು. ಮಣ್ಣು ತುಂಬಿಸಿ ಸಿಮೆಂಟು ಹಾಕಿಸುವ ಖರ್ಚಿನಲ್ಲಿ ಬೇಲಿ ಎಷ್ಟರ ಬಾಬ್ತು?

ಕಪ್ಪೆಯ ಪರವಾಗಿ ಈ ದೇಶ ಒಮ್ಮೆ ಎದ್ದು ನಿಂತದ್ದೂ ಉಂಟು. ಗದ್ದೆಗಳಲ್ಲಿ ಈ ಕಪ್ಪೆಗಳನ್ನು ರಾತ್ರಿ ಹೊತ್ತು ದೀಪ ಹಿಡಿದು ಹಿಡಿಯುತ್ತಿದ್ದ ಕಾಲವಿತ್ತು. ಹಿಂಗಾಲು ಮಾತ್ರ ಕತ್ತರಿಸಿ, ಮಂಜುಗಡ್ಡೆ ಮಾಡಿ ಅಮೆರಿಕ, ಫ್ರಾನ್ಸ್ ಮುಂತಾದ ದೇಶಗಳ ಊಟದ ಮೇಜಿಗೆ ಕಳಿಸುತ್ತಿದ್ದರು. ಉಳಿದ ಮೈ ಕಸಕ್ಕೆ, ಎಷ್ಟೋ ಸಲ ಜೀವವಿರುವಾಗಲೇ. 1981ರ ಒಂದೇ ವರ್ಷ ನಾಲ್ಕು ಸಾವಿರ ಟನ್ನಿಗೂ ಹೆಚ್ಚು ಕಾಲುಗಳು ಹೋದವು. ಕಪ್ಪೆ ಹೋದ ಗದ್ದೆಯಲ್ಲಿ ಹುಳು ಹೆಚ್ಚುತ್ತದೆ, ಕಾಲು ಮಾರಿದ ಡಾಲರಿನಲ್ಲೇ ಕೀಟನಾಶಕ ಕೊಳ್ಳಬೇಕಾಗುತ್ತದೆ ಎಂದು ತಿಳಿದವರು ಕೂಗೆಬ್ಬಿಸಿದರು. 1985ರಲ್ಲಿ ಈ ಕಪ್ಪೆ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಪಟ್ಟಿಗೆ ಸೇರಿತು. 1987ರಲ್ಲಿ ಭಾರತ ಸರ್ಕಾರ ಕಪ್ಪೆಕಾಲಿನ ರಫ್ತನ್ನೇ ನಿಷೇಧಿಸಿತು. ಒಳ್ಳೆಯ ಕೆಲಸ.

ಕತ್ತಿಯನ್ನು ಕಾನೂನು ತಡೆಯಿತು. ಜೆಸಿಬಿಯನ್ನು ಯಾರು ತಡೆಯಬೇಕು? ಕತ್ತಿ ಆ ವರ್ಷದ ಕಪ್ಪೆಯನ್ನು ಕೊಲ್ಲುತ್ತಿತ್ತು; ಗುಂಡಿ ಮುಚ್ಚಿದರೆ ಮುಂದೆ ಹುಟ್ಟಬೇಕಾದದ್ದೆಲ್ಲ ಒಟ್ಟಿಗೇ ಹೋಯಿತು. "ಕೆರೆ ಅಭಿವೃದ್ಧಿ" ಎಂದು ಮಾಡುತ್ತಾರಲ್ಲ, ಅದರಲ್ಲೂ ಇದೇ ಕಥೆ. ಸುತ್ತ ಕಲ್ಲು ಕಟ್ಟಿ, ದಡವನ್ನು ಗೋಡೆಯ ಹಾಗೆ ನಿಲ್ಲಿಸಿ, ವಾಕಿಂಗಿಗೆ ದಾರಿ, ಬೆಂಚು. ಜೊಂಡು ಬೆಳೆಯುತ್ತಿದ್ದ, ನೀರು ತೆಳ್ಳಗೆ ಹರಡುತ್ತಿದ್ದ ಅಂಚೇ ಇಲ್ಲ. ನೀರೇನೋ ಇದೆ. ಇಳಿಯಲು ಹತ್ತಲು ದಾರಿಯಿಲ್ಲದ ನೀರು ಕಪ್ಪೆಗೆ ಯಾತಕ್ಕೆ?

"ಅಳಿವಿನಂಚಿನಲ್ಲಿದೆಯೇ?" ಎಂದು ಕೇಳುವವರಿದ್ದಾರೆ. ಇಲ್ಲ. ಜಗತ್ತಿನ ಪಟ್ಟಿಯಲ್ಲಿ ಇದು ಸದ್ಯಕ್ಕೆ ಆತಂಕವಿಲ್ಲದ ಜೀವಿ. ಹಾಗಾದರೆ ನೂರು ಉಳಿಯುವ ತನಕ ಕಾಯಬೇಕೆ? ಗುಬ್ಬಚ್ಚಿಯ ಬಗ್ಗೆ ನಾವು ಮಾತಾಡಲು ಶುರುಮಾಡಿದ್ದು ಅದು ನಮ್ಮ ಸೂರಿನಿಂದ ಹೋದ ಮೇಲೆ. ದೇಶದಲ್ಲಿ ಎಷ್ಟಾದರೂ ಇರಲಿ, ನಮ್ಮೂರಿನ ಮಗು ಕೇಳುವುದು ನಮ್ಮೂರಿನ ಕೂಗನ್ನು ತಾನೆ?

ಇನ್ನು ನಮ್ಮ ಭಕ್ತಿ. ಮಳೆ ತಡವಾದರೆ ಕಪ್ಪೆಗೆ ಮದುವೆ ಮಾಡುತ್ತೇವೆ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ವಾದ್ಯ ಸಮೇತ ಮದುವೆಯಾಯಿತು. ಅದೇ ವರ್ಷ ಭೋಪಾಲದಲ್ಲೂ ಮಾಡಿಸಿದ್ದರು. ಮಳೆ ಅತಿಯಾದಾಗ ಸೆಪ್ಟೆಂಬರಿನಲ್ಲಿ ಅಲ್ಲಿಯವರು ಕಪ್ಪೆಗಳಿಗೆ ವಿಚ್ಛೇದನವನ್ನೂ ಕೊಡಿಸಿದರು! ನಗು ಬರುತ್ತದೆ. ಆದರೆ ಮದುವೆ ಮಾಡಿಸಿ, ಮನೆ ಕಿತ್ತುಕೊಳ್ಳುವ ಬೀಗರನ್ನು ಎಲ್ಲಾದರೂ ಕಂಡಿದ್ದೀರಾ? ಕಪ್ಪೆ ಮಳೆಯನ್ನು ತರುವುದಿಲ್ಲ. ಮಳೆ ಕಪ್ಪೆಯನ್ನು ಹೊರಗೆ ಕರೆಯುತ್ತದೆ. ಬಂದಾಗ ಅದಕ್ಕೆ ನೀರು ನಿಂತಿರಬೇಕು. ಅಷ್ಟನ್ನು ಮಾಡಲು ಪುರೋಹಿತರು ಬೇಡ.

ನಾನೂ ಮೂವತ್ತು ವರ್ಷ "ಕೂಪಮಂಡೂಕದಂತೆ ಇರಬಾರದು" ಎಂದು ಹೆಣ್ಣುಮಕ್ಕಳಿಗೆ ಬೋಧಿಸಿದವಳೇ. ಮನೆಯೊಳಗಿದ್ದ ನಮ್ಮ ತಾಯಂದಿರನ್ನೂ ಇದೇ ಮಾತಿನಿಂದ ಜರೆದರು, ಅವರನ್ನು ಒಳಗೆ ಕೂರಿಸಿದವರೇ ಜರೆದರು. ಕಪ್ಪೆಯೇನೋ ಮಳೆ ಬಂದ ರಾತ್ರಿಯೇ ನೀರು ಹುಡುಕಿಕೊಂಡು ಹೊರಟುಬಿಡುತ್ತದೆ. ಕಾಂಪೌಂಡಿನ ಒಳಗೆ ಕೂತು, ಆಚೆಗಿನ ತಗ್ಗಿನಲ್ಲಿ ಏನಿದೆಯೆಂದು ನೋಡದೆ, "ನಿರುಪಯುಕ್ತ" ಎಂದು ಬರೆದವಳು ನಾನು. ಬಾವಿ ಯಾರದು, ನೀವೇ ಹೇಳಿ.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಮೆಟ್ಟಿಲ ಮೇಲೆ ಕಪ್ಪೆ ಕಂಡರೆ ಉಪ್ಪು ಬೇಡ. ಮೊರದಲ್ಲಿ ತಳ್ಳಿಕೊಂಡು ಹೋಗಿ ಗಿಡದ ಬುಡಕ್ಕೆ ಬಿಡಿ. ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಬೇಡಿ. ನಿಮ್ಮ ಬಡಾವಣೆಯ ಸಂಘದಲ್ಲಿ, ಮಹಿಳಾ ಸಮಾಜದಲ್ಲಿ, ಮಕ್ಕಳ ಶಾಲೆಯ ಸಭೆಯಲ್ಲಿ ಯಾರಾದರೂ "ಆ ಗುಂಡಿ ಮುಚ್ಚಿಸೋಣ" ಎಂದರೆ, ಕೈಯೆತ್ತುವ ಮೊದಲು ಒಂದು ಮಳೆಗಾಲ ಅಲ್ಲಿ ಯಾರು ಬರುತ್ತಾರೆಂದು ನೋಡೋಣ ಎನ್ನಿ. ಕೆರೆಗೆ ಕಲ್ಲು ಕಟ್ಟುವಾಗ ಒಂದು ಬದಿಯನ್ನಾದರೂ ಇಳಿಜಾರಾಗಿ, ಮಣ್ಣಾಗಿ ಬಿಡಿ ಎಂದು ಕೇಳಿ. ಹೆಂಗಸರು ಒಟ್ಟಾಗಿ ಕೇಳಿದ್ದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು.

ನಾನು ಎರಡನೆಯ ಮನವಿ ಬರೆದಿದ್ದೇನೆ. ಸಿಮೆಂಟಿನ ಆಚೆ, ಬೇಲಿಯ ಪಕ್ಕದ ಮೂಲೆಯಲ್ಲಿ ಮೊಣಕಾಲುದ್ದದ ಒಂದು ಗುಂಡಿ ತೆಗೆಸಲು ಅನುಮತಿ ಕೋರಿ. "ಮೇಡಮ್, ಮುಚ್ಚಿಸಿ ಅಂತ ಬರೆದವರೂ ನೀವೇ, ತೆಗೆಸಿ ಅಂತ ಬರೆಯುವವರೂ ನೀವೇನಾ?" ಎಂದು ಸಮಿತಿಯವರು ನಕ್ಕರು. ಹೌದು, ನಾನೇ. ಈ ಸಲ ಆ ಪದ ಬಳಸಿಲ್ಲ.